ಕನಾಪಿಗೆ ಫೆವಿಕಾಲೇ ಸರಿ

ಮಾದರಿ ವಿಮಾನವನ್ನು ಕೈಗೆತ್ತಿಕೊಂಡವರ ಕಣ್ಣು ಮೊದಲು ಹೋಗುವುದು ಪೈಲಟ್ ಕೂರುವ ಜಾಗಕ್ಕೆ. ರೆಕ್ಕೆಯ ಬಣ್ಣ ಮಾಸಿದ್ದರೆ ಬಿಸಿಲು ಮಳೆ ಕಂಡ ವಿಮಾನ ಎನ್ನಬಹುದು. ಆ ಜಾಗವನ್ನು ಮುಚ್ಚುವ ಪಾರದರ್ಶಕ ಮುಚ್ಚಳ, ಅಂದರೆ ಕನಾಪಿ, ಮಂಜಾಗಿದ್ದರೆ ಯಾವ ಸಮಜಾಯಿಷಿಯೂ ನಡೆಯದು.

1/72 ಅಳತೆಯ ನ್ಯಾಟ್ ನೋಡಿ. ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಗಿ, 1965ರ ಯುದ್ಧದಲ್ಲಿ ಹೆಸರು ಮಾಡಿದ ಪುಟ್ಟ ಫೈಟರ್. ಅದರ ರೆಕ್ಕೆಯ ಹರಹು 6.73 ಮೀಟರ್, ಮಾದರಿಯಲ್ಲಿ 9.3 ಸೆಂ.ಮೀ. ಆದರೆ ಕನಾಪಿಯ ಪ್ಲಾಸ್ಟಿಕ್ 1 ಮಿ.ಮೀ. ದಪ್ಪವಿದ್ದರೆ, ಅದೇ ಲೆಕ್ಕದಲ್ಲಿ 7.2 ಸೆಂ.ಮೀ. ದಪ್ಪದ ಗಾಜಾಯಿತು! ಕನಾಪಿ ತೆರೆದಿಟ್ಟರೆ ಆ ದಪ್ಪ ಅಂಚು ಕಣ್ಣಿಗೆ ರಾಚುತ್ತದೆ. ಮುಚ್ಚಿ ಕೂರಿಸುವುದೇ ಲೇಸೆಂಬುದು ನನ್ನ ಮತ.

ಪಾರದರ್ಶಕ ಪ್ಲಾಸ್ಟಿಕ್ ಬಲು ಪೆಡಸು. ಬಿಡಿಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನಿಂದ ಕನಾಪಿಯನ್ನು ಮುರಿದು ತೆಗೆಯಬೇಡಿ, ಸಣ್ಣ ಗರಗಸದಿಂದ ತುಸು ದೂರದಲ್ಲೇ ಕೊಯ್ದು ಉಳಿದದ್ದನ್ನು ಉಜ್ಜಿ ಸಮಮಾಡಿ. ಗೀರು ಬಿದ್ದರೆ 2000 ನಂಬರಿನ ವಾಟರ್ ಪೇಪರನ್ನು ಒದ್ದೆಮಾಡಿ ಉಜ್ಜಿ, ಆಮೇಲೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಹಳೆಯ ಪಂಚೆಯ ತುಂಡಿನಿಂದ ಹೊಳಪು ಬರಿಸಿ. ಅಂಟು ಹಚ್ಚುವ ಮೊದಲು ಒಣದಾಗಿಯೇ ಕೂರಿಸಿ ನೋಡಬೇಕು, ಒಳಗಿನ ಧೂಳನ್ನೂ ಬೆರಳಚ್ಚನ್ನೂ ತೆಗೆಯಬೇಕು. ಆಮೇಲೆ ಕೈ ಹೋಗುವುದಿಲ್ಲ. ಕನಾಪಿಯ ಗಾಜನ್ನು ಹಿಡಿದಿಡುವ ಪಟ್ಟಿಗಳಿಗೆ ಬಣ್ಣ ಹಚ್ಚುವಾಗ ಗಾಜಿನ ಭಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮೊದಲು ಕಾಕ್‌ಪಿಟ್‌ನ ಒಳಬಣ್ಣ, ಅದರ ಮೇಲೆ ಹೊರಬಣ್ಣ. ಗಾಜಿನ ಮೂಲಕ ಒಳಗಡೆಯೂ ಸರಿಯಾದ ಬಣ್ಣವೇ ಕಾಣುತ್ತದೆ.

ಈಗ ಅಂಟು. ಸೂಪರ್ ಗ್ಲೂ ಮಾತ್ರ ಬೇಡ. ಅದರ ಆವಿ ಗಾಳಿಯ ತೇವದೊಂದಿಗೆ ಸೇರಿ ಗಾಜಿನ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ, ಮುಂಬೈಯ ಗಾಳಿಯಲ್ಲಿ ತೇವಕ್ಕೇನು ಬರ? ಪ್ಲಾಸ್ಟಿಕ್ ಸಿಮೆಂಟ್ ಗಾಜನ್ನೇ ಕರಗಿಸುತ್ತದೆ. 1959ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಫೆವಿಕಾಲ್ ಒಣಗಿದರೆ ಪಾರದರ್ಶಕ, ಸಣ್ಣ ಸಂದನ್ನೂ ತುಂಬುತ್ತದೆ, ಹೆಚ್ಚಾದರೆ ಒದ್ದೆ ಬ್ರಶ್‌ನಿಂದ ಒರೆಸಬಹುದು. ನೀರು ಆರಿದಮೇಲೇ ಅದು ಹಿಡಿಯುವುದು. ಹಾಗಾಗಿ ಜುಲೈ ತಿಂಗಳಲ್ಲಿ ಇಡೀ ರಾತ್ರಿ ಮುಟ್ಟದೆ ಬಿಡಿ.

ಕೂರಿಸಿದ ಮೇಲೆ ಯಾವ ಸಂದು ಮುಚ್ಚಬೇಕು, ಯಾವುದನ್ನು ಬಿಡಬೇಕು? ವರ್ಲಿಯ ನೆಹರೂ ವಿಜ್ಞಾನ ಕೇಂದ್ರದಲ್ಲಿ, ಕುರ್ಟ್ ಟ್ಯಾಂಕ್ ವಿನ್ಯಾಸದ, 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಮಾರುತ್ ತಳಿಯ ವಿಮಾನವೊಂದಿದೆ. ಅದರ ಮುಂಗಾಜು ಒಡಲಿಗೆ ಬೆಸೆದುಕೊಂಡಿದೆ. ಮಾದರಿಯಲ್ಲಿ ಆ ಸಂದನ್ನು ತುಂಬಿ ಉಜ್ಜಿ ಅಳಿಸಿಬಿಡಿ. ಹಿಂದಿನದು ತೆರೆಯುವ ಭಾಗ, ಅದರ ಸುತ್ತಿನ ಗೆರೆ ಉಳಿಯಲೇಬೇಕು.