ಬಲಮುರಿ ಹರಳು

ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ನ್ಯೂಟ್ರಿನೊಗಳ ಸುಳಿವು ಹಿಡಿದ ಉಪಕರಣದಲ್ಲಿ ಕೆಲಸ ಎರಡು ಕೈ ದಾಟುತ್ತಿತ್ತು: ಹಾದುಹೋದ ಕಣ ಪ್ಲಾಸ್ಟಿಕ್ಕಿನಲ್ಲಿ ಬೆಳಕು ಮಿನುಗಿಸಬೇಕು, ಆ ಬೆಳಕನ್ನು ಇನ್ನೊಂದು ನಳಿಕೆ ವಿದ್ಯುತ್ತಾಗಿಸಬೇಕು. ಸಾವಯವ ಅಣುವನ್ನೂ ಲೋಹವನ್ನೂ ಬೆಸೆದ ಹೈಬ್ರಿಡ್ ಪೆರೋವ್‌ಸ್ಕೈಟ್ ಹರಳಿಗೆ ಈ ನಡುವಿನ ದಲ್ಲಾಳಿ ಬೇಡ. ಅದರ ಸೀಸ, ಅಯೋಡಿನ್‌ಗಳಂಥ ಭಾರದ ಪರಮಾಣುಗಳು ಎಕ್ಸ್-ಕಿರಣವನ್ನು ತಡೆದರೆ ವಿದ್ಯುತ್ತು ನೇರವಾಗಿ ಹೊರಡುತ್ತದೆ. ನನಗೆ ಇನ್ನೂ ಹೆಚ್ಚು ಮೆಚ್ಚಿಕೆಯಾಗುವುದು ಅದಕ್ಕೆ ಕೊಡುವ ತಿರುವು. ಶಂಖದಲ್ಲಿ ಬಲಮುರಿ, ಎಡಮುರಿ ಇರುವಂತೆ ಮೀಥೈಲ್‌ಬೆಂಜೈಲ್ ಅಮೋನಿಯಂ ಎಂಬ ಸಾವಯವ ಅಣುವಿಗೂ ಎರಡು ಮುರಿ. ಒಂದನ್ನೇ ಆರಿಸಿ ಸೀಸ-ಅಯೋಡಿನ್ ಪದರಗಳ ನಡುವೆ ಕೂರಿಸಿದರೆ ಇಡೀ ಹರಳು ಆ ಮುರಿಯನ್ನು ಕಲಿಯುತ್ತದೆ. ಸುತ್ತುತ್ತ ಬರುವ ಬೆಳಕು ಎಡಕ್ಕೋ ಬಲಕ್ಕೋ ಎಂದು ಬೇರೆ ಶೋಧಕದ ಹಂಗಿಲ್ಲದೆ ಗುರುತಿಸುತ್ತದೆ.

ಆದರೆ ಅಣು ದಪ್ಪ. ಪದರಗಳು ದೂರವಾಗಿ ಶಕ್ತಿಯ ಅಂತರ, ಅಂದರೆ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 2.4 ಎಲೆಕ್ಟ್ರಾನ್ ವೋಲ್ಟಿಗೆ ಏರುತ್ತದೆ, ಕೆಂಪು ಬೆಳಕು ಹರಳಿಗೆ ಕಾಣದು. ಸೀಸದ ಜಾಗಕ್ಕೆ ತವರ ತಂದರೆ ಅಂತರ ಕಿರಿದಾಗುತ್ತದೆ ನಿಜ, ಗಾಳಿ ತಾಗಿದ ತವರ ಬೇಗ ಕೆಡುತ್ತದೆ. ಅಂತರ ಕಿರಿದಾದಷ್ಟೂ ಕತ್ತಲಲ್ಲೂ ಬರೀ ಕಾವಿಗೇ ವಿದ್ಯುತ್ತು ಸೋರುತ್ತದೆ; ಕೂಡ್ಲಿಗಿ, ಕಾನಹೊಸಹಳ್ಳಿಯ ಬೇಸಿಗೆ ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಸೀಸ ವಿಷ, ಸಿಲಿಕಾನ್ ಇರುವಾಗ ಇದೇಕೆ ಎಂಬ ಆಕ್ಷೇಪವೂ ನ್ಯಾಯವೇ. ಆದರೆ ಸಿಲಿಕಾನ್ ಹರಳಿಗೆ ಸ್ವಂತ ಮುರಿಯಿಲ್ಲ, ಪರಮಾಣು ಹಗುರವಾದ್ದರಿಂದ ತೀಕ್ಷ್ಣ ಎಕ್ಸ್-ಕಿರಣದ ಬಹುಪಾಲು ಅದನ್ನು ಹಾಗೇ ದಾಟಿಹೋಗುತ್ತದೆ. ವಿಷದ ಅಳುಕಿರುವವರಿಗೆ ಸೀಸದಷ್ಟೇ ಭಾರದ ಬಿಸ್ಮತ್ ಇದೆ.