ನೆವಾತಿಮ್‌ನ ಕಥೆಯಲ್ಲಿ ಕಾಣದ ನೆರೆಹೊರೆ

ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ, ಬೀರ್‌ಶೆಬಾ ನಗರದ ಸಮೀಪ ನೆವಾತಿಮ್ ಎಂಬ ಪುಟ್ಟ ಕೃಷಿ ಗ್ರಾಮವಿದೆ. ಅಲ್ಲಿ ಜಮೀನು ಕುಟುಂಬಗಳಿಗೆ ಬೇರೆ ಬೇರೆ. ಕೊಳ್ಳುವುದು, ಮಾರುವುದು ಸಹಕಾರಿ ಪದ್ಧತಿಯಲ್ಲಿ. 1954ರಲ್ಲಿ ಈ ಊರನ್ನು ಹೊಸದಾಗಿ ಕಟ್ಟಿದವರು ಕೊಚ್ಚಿಯಿಂದ ವಲಸೆ ಹೋದ ಧರ್ಮನಿಷ್ಠ ಯಹೂದಿಗಳು. ಭಾರತದಲ್ಲಿ ಈ ಊರಿನ ಬಗ್ಗೆ ಬರುವ ಬರಹಗಳಿಗೆ ಸಾಮಾನ್ಯವಾಗಿ ಒಂದೇ ಅಚ್ಚು: ಮರಳುಗಾಡಿನಲ್ಲೊಂದು ಕೇರಳ, ಮರೆಯದ ಮಲಯಾಳಂ, ಕೊಚ್ಚಿ ಮಾದರಿಯ ಪ್ರಾರ್ಥನಾ ಮಂದಿರ, ವಿದೇಶಕ್ಕೆ ಹೋಗುವ ಹೂಗಳು. ಇದಾವುದೂ ಸುಳ್ಳಲ್ಲ. ಆದರೆ ಇಷ್ಟೇ ಹೇಳಿ ಮುಗಿಸಿದರೆ ಸತ್ಯವೂ ಅಲ್ಲ.

ಮೊದಲನೆಯದಾಗಿ, ಆ ವಲಸಿಗರ ನೋವು ಈ ಬರಹಗಳಲ್ಲಿಲ್ಲ. ಆನೆಕಾಲು ರೋಗದ ಭಯದಿಂದ ಇಸ್ರೇಲಿನ ಅಧಿಕಾರಿಗಳು ಅವರ ಪ್ರಯಾಣವನ್ನು ವರ್ಷಗಟ್ಟಲೆ ತಡೆಹಿಡಿದಿದ್ದರು. ಹೋದ ಮೇಲೆ, ಹೆಚ್ಚಾಗಿ ವ್ಯಾಪಾರವನ್ನೇ ನಂಬಿದ್ದ ಜನರ ಕೈಗೆ ಮಳೆ ಕಾಣದ ನೆಲವನ್ನು ಕೊಡಲಾಯಿತು. ಚೇಂದಮಂಗಲದಿಂದ ಹೋದ ಎಲಿಯಾಹು ಬೆಜಲೆಲ್ ಅಂಥವರು ಅಲ್ಲಿ ಗುಲಾಬಿ ಬೆಳೆದದ್ದು ದೊಡ್ಡ ಸಾಧನೆಯೇ ಸರಿ.

ಎರಡನೆಯದು ಇನ್ನೂ ಗಂಭೀರ. ಚೇಂದಮಂಗಲದಲ್ಲಿ ದೇವಸ್ಥಾನ, ಮಸೀದಿ, ಚರ್ಚು, ಯಹೂದಿ ಮಂದಿರಗಳು ಒಂದಕ್ಕೊಂದು ಸಮೀಪದಲ್ಲೇ ಇದ್ದವು. ಮಟ್ಟಾಂಚೇರಿಯಲ್ಲಿ 1568ರ ಯಹೂದಿ ಮಂದಿರವಿರುವುದು ಅರಮನೆಯ ಪಕ್ಕದಲ್ಲಿ. ನಮ್ಮ ಬರಹಗಾರರು ಈ ನೆರೆಹೊರೆಯನ್ನು ಮನಸಾರೆ ಕೊಂಡಾಡುತ್ತಾರೆ. ಆದರೆ ಅವರ ಲೇಖನ ನೆಗೆವ್ ತಲುಪಿದೊಡನೆ ನೆರೆಯವರು ಮಾಯವಾಗುತ್ತಾರೆ. ಅಲ್ಲಿಯೂ ನೆರೆಯವರಿದ್ದಾರೆ, ಅವರು ಬೆದುವಿನ್ ಅರಬರು. ಈಜಿಪ್ಟ್ ಜೊತೆ 1979ರಲ್ಲಿ ಶಾಂತಿ ಒಪ್ಪಂದವಾದಾಗ ಸಿನಾಯಿಯ ವಾಯುನೆಲೆಗಳನ್ನು ಇಸ್ರೇಲ್ ತೆರವು ಮಾಡಬೇಕಾಯಿತು. 1980ರಲ್ಲಿ ವಿಶೇಷ ಕಾನೂನು ತಂದು, ತೆಲ್ ಅಲ್ ಮಲಹ್ ಪ್ರದೇಶದ ಸಾವಿರಾರು ಬೆದುವಿನರನ್ನು ಎಬ್ಬಿಸಿ, ಹೊಸ ವಾಯುನೆಲೆಗೆ ಜಾಗ ಮಾಡಲಾಯಿತು. ಆ ನೆಲೆಯ ಹೆಸರೂ ನೆವಾತಿಮ್. ನೆಗೆವ್‌ನ ಎಷ್ಟೋ ಬೆದುವಿನ್ ಹಳ್ಳಿಗಳಿಗೆ ಸರಕಾರದ ಮಾನ್ಯತೆ ಈಗಲೂ ಇಲ್ಲ. ವಿದ್ಯುತ್ ಜಾಲದ ಸಂಪರ್ಕವೂ ಇಲ್ಲ.

ಆ ಕಾನೂನನ್ನು ಬರೆದವರು ಕೊಚ್ಚಿಯ ರೈತರಲ್ಲ. ಅದರ ಹೊಣೆಯನ್ನು ಅವರ ತಲೆಗೆ ಕಟ್ಟುವುದು ಅನ್ಯಾಯವಾದೀತು. ಪ್ರಶ್ನೆ ಇರುವುದು ಬರೆಯುವವರ ಮುಂದೆ. ಕೊಚ್ಚಿಯಲ್ಲಿ ಯಹೂದಿಗಳಿಗೆ ನೆಲ ಸಿಕ್ಕಿದ್ದನ್ನು ನಮ್ಮ ನಾಡಿನ ಔದಾರ್ಯವೆಂದು ಹೊಗಳುವವರು, ನೆಗೆವ್‌ನಲ್ಲಿ ನೆಲ ಕಳೆದುಕೊಂಡವರ ಬಗ್ಗೆ ಒಂದು ಸಾಲನ್ನಾದರೂ ಬರೆಯಬೇಡವೇ?