ಕೊಳವೆಗಿಂತ ಮೊದಲಿನ ರಾತ್ರಿ

ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿಗೆ ಕೊಳವೆ ಹಾಕಿ ನೋಡುವ ಪರೀಕ್ಷೆ, ಚೆನ್ನಾಗಿ ಆಯಿತೇ ಎಂದು ವಿಚಾರಿಸುವಾಗ ನಾವು ಆಸ್ಪತ್ರೆಯ ಹೆಸರು, ಯಂತ್ರದ ಹೊಸತನ ಕೇಳುತ್ತೇವೆ. ಕರುಳು ಎಷ್ಟು ಸ್ವಚ್ಛವಾಗಿತ್ತು ಎಂದು ಕೇಳುವವರು ಕಡಿಮೆ. 1969ರಲ್ಲಿ ನ್ಯೂಯಾರ್ಕಿನ ವಿಲಿಯಂ ವುಲ್ಫ್, ಹಿರೊಮಿ ಶಿನ್ಯಾ ಹೊಟ್ಟೆ ಕೊಯ್ಯದೆ ಕೊಳವೆಯಿಂದಲೇ ಪಾಲಿಪ್ ಎಂಬ ಗಂಟು ತೆಗೆದರು. ಆಮೇಲೆ ಉಪಕರಣ ಬಹಳ ಸುಧಾರಿಸಿದೆ. ಆದರೂ ಕರುಳಿನಲ್ಲಿ ಮಲ ಉಳಿದಿದ್ದರೆ ನುರಿತ ಕಣ್ಣಿಗೂ ಸಣ್ಣ ಗಂಟು ಕಾಣದು.

ಕೊಡಗಿನ ಮಾಕುಟ್ಟದಂಥ ಕೇರಳ ಗಡಿಯ ಊರಿನವರಿಗೆ ಈ ಸ್ವಚ್ಛತೆಯೇ ನಿಜವಾದ ತೊಡಕು. ಬೇಧಿ ಪುಡಿಯ ನೀರನ್ನು ಅರ್ಧ ಹಿಂದಿನ ರಾತ್ರಿ, ಉಳಿದರ್ಧ ಪರೀಕ್ಷೆಗೆ ನಾಲ್ಕಾರು ಗಂಟೆ ಮೊದಲು ಕುಡಿಯುವುದು ಈಗ ಒಪ್ಪಿತ ಕ್ರಮ. ಆ ಎರಡನೇ ಅರ್ಧ ಕುಡಿದು ಬಸ್ಸು ಹತ್ತುವುದು ಹೇಗೆ? ಮಾಕುಟ್ಟದಿಂದ ಘಾಟಿಯ ಮೇಲಿನ ಪೆರುಂಬಾಡಿಯವರೆಗೂ ಕಾಡು, ತಿರುವು. ಪೂರ್ತಿ ರಾತ್ರಿಯೇ ಕುಡಿದು ಬಂದರೆ ಬೆಳಗಿನ ಹೊತ್ತಿಗೆ ಕರುಳಿನ ಬಲಭಾಗ ಮತ್ತೆ ಮಸುಕಾಗಿರುತ್ತದೆ. ಹಾಗಾಗಿ ಇಂಥವರನ್ನು ಹಿಂದಿನ ದಿನವೇ ದಾಖಲಿಸಿಕೊಳ್ಳುವುದು ನ್ಯಾಯ.

ದಾಖಲಾದ ಮಾತ್ರಕ್ಕೆ ಕರುಳು ಸ್ವಚ್ಛವಾಗುವುದಿಲ್ಲ. ಒಳರೋಗಿಗಳಲ್ಲೇ ತಯಾರಿ ಹೆಚ್ಚು ಕೆಡುತ್ತದೆ. ಅವರಲ್ಲಿ ಹಲವರು ಹಾಸಿಗೆ ಹಿಡಿದಿರುತ್ತಾರೆ, ಸಕ್ಕರೆ ಕಾಯಿಲೆ, ಮಲಬದ್ಧತೆ ಇರುತ್ತದೆ, ನೋವಿನ ಮಾತ್ರೆ ನುಂಗುತ್ತಿರುತ್ತಾರೆ. ವಾರ್ಡಿಗೆಲ್ಲ ಒಂದೇ ಶೌಚಾಲಯವಾದರೆ ವಯಸ್ಸಾದ ಹೆಂಗಸು ಮುಜುಗರಪಟ್ಟು ಅರ್ಧ ಜಗ್ಗು ನೀರು ಚೆಲ್ಲುವುದು ಸಹಜ. ಅದನ್ನು ಆಕೆಯ ತಪ್ಪೆಂದು ನಾನು ಒಪ್ಪಲಾರೆ. ಇಂಗ್ಲಿಷ್ ಚೀಟಿ ಕೈಗಿಟ್ಟು ಹೋಗುವ ಬದಲು ನರ್ಸ್ ಒಬ್ಬರು ಪಕ್ಕ ಕೂತು ಕನ್ನಡದಲ್ಲೋ, ಕೊಡವದಲ್ಲೋ, ಮಲಯಾಳದಲ್ಲೋ ಹೇಳಬೇಕು. ಇದೂ ಚಿಕಿತ್ಸೆಯೇ.

ಇನ್ನು ಕರುಳನ್ನು ನೋಡುತ್ತಾ ಕೊಳವೆ ಹಿಂದೆಳೆಯುವ ವೇಗ. ಅಮೆರಿಕದ ಒಂದು ವೈದ್ಯರ ಗುಂಪನ್ನು ಕುರಿತ 2006ರ ಅಧ್ಯಯನದಲ್ಲಿ, ಸರಾಸರಿ ಆರು ನಿಮಿಷವಾದರೂ ನಿಧಾನಿಸಿ ನೋಡಿದವರು ನೂರರಲ್ಲಿ 28.3 ಮಂದಿಯಲ್ಲಿ ಗಂಟು ಕಂಡರು. ಆತುರಪಟ್ಟವರಿಗೆ ಸಿಕ್ಕಿದ್ದು 11.8 ಮಾತ್ರ. ಅಲ್ಲಿನ ತಜ್ಞರ ಸಂಘಗಳು 2024ರಲ್ಲಿ ಈ ಅವಧಿಯನ್ನು ಎಂಟು ನಿಮಿಷಕ್ಕೆ ಏರಿಸಿವೆ.

ಹಾಗೆಂದು ಆರೋಗ್ಯವಂತರನ್ನೆಲ್ಲ ಪರೀಕ್ಷೆಗೆ ಕರೆಯಬೇಕೆಂದು ನಾನು ಹೇಳುತ್ತಿಲ್ಲ. ಯುರೋಪಿನ ನಾರ್ಡಿಕ್ ಪ್ರಯೋಗದಲ್ಲಿ (2022) ಪರೀಕ್ಷೆಗೆ ಕರೆ ಹೋದವರಲ್ಲಿ ಹತ್ತು ವರ್ಷದ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ, ಕರೆ ಹೋಗದವರ ಶೇ. 1.20ರ ಬದಲು, 0.98 ಇತ್ತು, ಪರೀಕ್ಷೆಗೆ ಬಂದವರೇ ಶೇ. 42. ದೊಡ್ಡ ಕರುಳಿನ ಕ್ಯಾನ್ಸರ್ ಅಲ್ಲಿಗಿಂತ ಕಡಿಮೆ ಇರುವ ನಮ್ಮಲ್ಲಿ ಮೊದಲ ಸರದಿ ಮಲದಲ್ಲಿ ರಕ್ತ, ಕಾರಣ ತಿಳಿಯದ ರಕ್ತಹೀನತೆ, ತೂಕ ಇಳಿತ ಇರುವವರದು. ಮೂಲವ್ಯಾಧಿ ಎಂದುಕೊಂಡು ತಿಂಗಳುಗಟ್ಟಲೆ ಕಳೆಯುವವರನ್ನು ಬೇಗ ಕರೆತರಬೇಕು. ಕರುಳಿನ ಕ್ಷಯವೂ ಹೀಗೆಯೇ ಅಡಗಿರುತ್ತದೆ. ಹುಣ್ಣು ಕಂಡರೆ ಚೂರು ತೆಗೆದು ಪರೀಕ್ಷೆಗೆ ಕಳಿಸದೆ ಬಿಡಬಾರದು.

ಮಡಿಕೇರಿಗೆ ವೈದ್ಯಕೀಯ ಕಾಲೇಜು ಬಂದಿದ್ದರೂ ವಿಶೇಷ ಚಿಕಿತ್ಸೆಗೆ ಕೊಡಗಿನವರು ಮೈಸೂರು, ಮಂಗಳೂರಿಗೆ ಹೋಗುತ್ತಾರೆ. ಮಾಕುಟ್ಟದವರಿಗೆ ಕೇರಳದ ಇರಿಟ್ಟಿ, ಕಣ್ಣೂರು ಹತ್ತಿರ. 2020ರ ಮಾರ್ಚಿನಲ್ಲಿ ಕೋವಿಡ್ ತಡೆಗೆಂದು ಗಡಿಯ ರಸ್ತೆಗೆ ಮಣ್ಣು ಸುರಿದಾಗ ಆ ದಾರಿಯೂ ಮುಚ್ಚಿತ್ತು. ಹಾಗಾಗಿ ಒಮ್ಮೆ ಹೋದಾಗಲೇ ಪರೀಕ್ಷೆ ಸರಿಯಾಗಿ ಮುಗಿಯಬೇಕು. ಕರುಳು ಎಷ್ಟು ಸ್ವಚ್ಛವಿತ್ತು, ಕೊಳವೆ ದೊಡ್ಡ ಕರುಳಿನ ಕೊನೆಯವರೆಗೆ ಹೋಯಿತೇ ಎಂಬುದನ್ನು ವರದಿಯಲ್ಲಿ ಬರೆಸಿಕೊಳ್ಳಿ. ಪರೀಕ್ಷೆ ಮತ್ತೆ ಬೇಕೇ ಎಂದು ಮುಂದಿನ ವೈದ್ಯರು ನಿರ್ಧರಿಸುವುದು ಅದನ್ನು ನೋಡಿಯೇ.